ಹದಿನೇಳನೇ ಮೇಜು

ಎಂಟಕ್ಕೇ ಬಂದು ಗಡಿಯಾರಗಳಿಗೆ ಸಮಯ ತುಂಬುತ್ತೇನೆ,
ಕೊಡಗಳಿಗೆ ನಳದ ನೀರು ಹಿಡಿದ ಹಾಗೆ.
ನಲವತ್ತೆರಡು ಮೇಜು. ಎಡಕ್ಕೆ ತೊಂಬತ್ತು ನಿಮಿಷ,
ಬಲಕ್ಕೆ ತೊಂಬತ್ತು. ಒಂದು ಹನಿ ಆಚೀಚೆ ಆಗಬಾರದು.
ಅಳತೆಯ ಜಗಳ ಎಂಥದೆಂದು
ಬಳ್ಳಾರಿಯ ಬೇಸಿಗೆಯಲ್ಲಿ ನಳದ ಮುಂದೆ ನಿಂತವರಿಗೆ ಗೊತ್ತು.

ಮೈಕಿನಲ್ಲಿ ಹೇಳುತ್ತೇನೆ, ಪ್ರತಿಸಲದಂತೆ:
ತೊಂಬತ್ತು ನಿಮಿಷ ನಿಮ್ಮ ಸ್ವಂತದ್ದು.
ಪ್ರತಿ ನಡೆಗೂ ಮೂವತ್ತು ಸೆಕೆಂಡು ಮೇಲೆ ಸಿಗುತ್ತದೆ,
ಉಳಿಸಿದರೆ ಕೂಡಿಕೊಳ್ಳುತ್ತದೆ.
ಕಾಯಿ ನಡೆಸಿದ ಕೈಯಲ್ಲೇ ಗುಂಡಿ ಒತ್ತಬೇಕು.
ಸೊನ್ನೆ ಬಂತೆಂದರೆ ಮಂತ್ರಿ ಇದ್ದೂ ಸೋತಿರಿ.
ಹಿಂದಿನ ಸಾಲಿನಿಂದ ಯಾರದೋ ಅಪ್ಪ:
"ಊಟಕ್ಕ ಬಿಡೂದು ಎಷ್ಟಕ್ಕ ಮೇಡಂ?"

ಹದಿನೇಳನೇ ಮೇಜಿಗೆ ಎರ್ರಿಸ್ವಾಮಿ,
ಕೌಲ್ ಬಜಾರಿನ ಜೀನ್ಸ್ ಘಟಕದಲ್ಲಿ ಹಿಂದಿನ ಜೇಬು ಹೊಲಿಯುವವ.
ಉಗುರ ಬುಡಕ್ಕಿಳಿದ ನೀಲಿ
ಭಾನುವಾರವೂ ರಜೆ ಹಾಕುವುದಿಲ್ಲ.
ಅವನು ಮುಟ್ಟಿದ ಬಿಳಿ ಕುದುರೆಯ ಕುತ್ತಿಗೆಯ ಮೇಲೆ
ಹೆಬ್ಬೆರಳಿನ ಗುರುತು.
ಎದುರಿಗೆ ತೋರಣಗಲ್ಲಿನ ಇಷಾನಿ. ಹನ್ನೊಂದು ವರ್ಷ,
ರೇಟಿಂಗಿನಲ್ಲಿ ಅವನಿಗಿಂತ ನಾನೂರು ಮೇಲೆ,
ಕಾಲು ಇನ್ನೂ ನೆಲಕ್ಕೆ ಎಟಕುವುದಿಲ್ಲ.

ಹನ್ನೊಂದನೇ ನಡೆಗೆ ಅವನು ನಿಂತುಬಿಟ್ಟ.
ಹತ್ತು ನಿಮಿಷ. ಇಪ್ಪತ್ತು.
ಹುಡುಗಿ ನೀರು ಕುಡಿದು ಬಂದಳು,
ಉಳಿದ ಮೇಜುಗಳನ್ನೆಲ್ಲ ಸುತ್ತಿ ಬಂದಳು,
ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಕೆತ್ತಿದಳು.
ಮೂವತ್ತೈದು. ಕರೆಂಟು ಹೋಯಿತು, ಫ್ಯಾನು ನಿಂತವು.
ಗಡಿಯಾರಕ್ಕೆ ಸೆಲ್ಲು, ಅದು ನಿಲ್ಲುವುದಿಲ್ಲ.
ನಿದ್ದೆ ಬಂತೇನೋ ಎಂದು ನಾನೇ ಹೋಗಿ ಬಗ್ಗಿ ನೋಡಿದೆ.
ಕಣ್ಣು ತೆರೆದೇ ಇದ್ದವು. ತುಟಿಯ ಮೇಲೆ ಬೆವರು.
ಐವತ್ತೆರಡನೇ ನಿಮಿಷಕ್ಕೆ ಆನೆಯನ್ನು
ಒಂದೇ ಒಂದು ಮನೆ ಪಕ್ಕಕ್ಕೆ ಸರಿಸಿದ.

ಬಾಗಿಲಲ್ಲಿ ನಿಂತಿದ್ದ ಕೋಚು ನಕ್ಕ:
"ಮುಗೀತ್ ಬಿಡ್ರಿ, ಇನ್ನ ಟೈಮಿನ್ಯಾಗ ಸಾಯ್ತಾನ."

ಇಪ್ಪತ್ತಾರನೇ ನಡೆಗೆ ಅವನ ಕಡೆ ಹನ್ನೊಂದು ಸೆಕೆಂಡು.
ನಡೆಗೊಂದರಂತೆ ಆ ಮೂವತ್ತು, ಬೇರೇನಿಲ್ಲ.
ಈ ಜಾಗಕ್ಕೆ ಬಂದವರನ್ನು ನೋಡಿದ್ದೇನೆ.
ಬ್ಯಾಂಕಿನವರ ಕೈ ನಡುಗುತ್ತದೆ. ಲೆಕ್ಚರರೊಬ್ಬರು
ಮಂತ್ರಿಯನ್ನು ತಪ್ಪು ಮನೆಗಿಟ್ಟು ತಲೆ ಹಿಡಿದುಕೊಂಡು ಕೂತಿದ್ದರು.
ಎರ್ರಿಸ್ವಾಮಿಯ ಬೆನ್ನು ನೆಟ್ಟಗಾಯಿತು.
ಬಲಗಾಲು ಮೇಜಿನ ಕೆಳಗೆ
ಇಲ್ಲದ ಪೆಡಲು ತುಳಿಯತೊಡಗಿತು.
ನಡೆ, ಗುಂಡಿ, ಬರಹ. ನಡೆ, ಗುಂಡಿ, ಬರಹ.
ಗಡಿಯಾರವನ್ನು ಒಮ್ಮೆಯೂ ನೋಡಲಿಲ್ಲ.
ಇಪ್ಪತ್ತೆಂಟು ಸೆಕೆಂಡಿಗೊಂದು ಜೇಬು, ಹದಿನಾಲ್ಕು ವರ್ಷ.
ಮೂವತ್ತು ಸೆಕೆಂಡು ಅವನಿಗೆ ಇಕ್ಕಟ್ಟೇನಲ್ಲ,
ಅಲ್ಲೇ ಅವನ ಸಂಸಾರ, ಎರಡು ಸೆಕೆಂಡು ಹಿತ್ತಿಲೂ ಉಂಟು.
ಆಕಡೆ ನಲವತ್ತು ನಿಮಿಷ ಇಟ್ಟುಕೊಂಡವಳೇ
ಉಗುರು ಕಚ್ಚುತ್ತಿದ್ದಳು.

ಅರವತ್ತೊಂದನೇ ನಡೆ. ರಾಜ, ರಾಜ, ಇಬ್ಬರೇ. ಡ್ರಾ.

ಹಾಳೆಗೆ ಸಹಿ ಹಾಕುತ್ತ ಹುಡುಗಿ ಕೇಳಿದಳು:
"ಅಂಕಲ್, ಅಷ್ಟೊತ್ತು ಏನ್ ಯೋಚನೆ ಮಾಡ್ತಿದ್ರಿ?"
"ಆನೇದು."
"ಬರೀ ಆನೇದಾ?"
"ಮೊದಲ ಆನೇದು. ಆಮ್ಯಾಲ
ಯಾರೂ ಮುಂದಿಂದು ತಾ ಅನ್ಲಿಲ್ಲಲ್ಲವ್ವ,
ಹಂಗ ಕುಂತೆ."

ಸಂಜೆ ಬ್ಲಿಟ್ಜ್ ಇತ್ತು. ಮೂರೇ ನಿಮಿಷದ ಆಟ,
ಗೆದ್ದವರಿಗೆ ಎರಡು ಸಾವಿರ.
ಹೆಸರು ಕೊಡಿ, ನಿಮ್ಮ ಕೈಗೆ ಇದೇ ಸರಿ ಎಂದೆ.
ಚಪ್ಪಲಿ ಹುಡುಕುತ್ತಿದ್ದವ ತಲೆ ಎತ್ತದೆ ಹೇಳಿದ:
"ಅದು ಸೋಮವಾರದ್ದು ಮೇಡಂ."

ಮತ್ತೆ ಸಮಯ ತುಂಬಲು ಕೂತೆ. ಮೂರು, ಮೂರು.
ಇದಕ್ಕೆ ಕೊಡ ಬೇಡ, ಲೋಟ ಸಾಕು.
ಹದಿನೇಳನೇ ಮೇಜಿನ ಕುದುರೆಯನ್ನು
ಸೆರಗಿನಿಂದ ತಿಕ್ಕಿ ನೋಡಿದೆ.
ಹೋಗಲಿಲ್ಲ. ಸೆರಗಿಗೂ ಒಂಚೂರು ಹತ್ತಿತು.