ಅಡ್ಡಪಟ್ಟಿ

ಕಂಠೀರವದಲ್ಲಿ ಎರಡು ದಿನ ನನ್ನ ಡ್ಯೂಟಿ ಇಷ್ಟೇ:
ಬಿದ್ದ ಪಟ್ಟಿ ಎತ್ತಿ ಮತ್ತೆ ಕಂಬಗಳ ಮೇಲಿಡುವುದು,
ಹಾಳೆಯಲ್ಲಿ ಇಂಟು ಮಾರ್ಕು ಹಾಕುವುದು.

ಅತ್ತ ನೂರು ಮೀಟರಿಗೆ ಪಿಸ್ತೂಲು ಢಂ ಅಂದಾಗ
ಇಡೀ ಗ್ಯಾಲರಿ ಆ ಕಡೆ ಹೊರಳಿತು.
ಹುಲಿಗೆಮ್ಮ ಹೊರಳಲಿಲ್ಲ.
ಕೊಪ್ಪಳ ಜಿಲ್ಲೆ, ಎದೆಯ ಮೇಲೆ ಇನ್ನೂರ ಹದಿನಾಲ್ಕು,
ನಾಲ್ಕನೇ ಪಿನ್ನು ಸಿಗದೆ ಒಂದು ಮೂಲೆ ಪಟಪಟ.
ಮರಳುಗುಂಡಿಗೆ ಹಾರಿ ಕಲಿತವಳು
ಬೆಳಿಗ್ಗೆ ಇಲ್ಲಿನ ಮೆತ್ತೆ ಒತ್ತಿ ನೋಡಿ ಅಂದಿದ್ದಳು,
"ಸರ, ಇದರಾಗ ನಿದ್ದಿ ಬರತೈತ್ರಿ."

ಒಂದು ಐವತ್ತೊಂದಕ್ಕೆ ಮೂಡುಬಿದಿರೆಯ ಹುಡುಗಿ ಮುಗಿಸಿದಳು.
ಇವಳು ದಾಟಿದಳು. ಚಿನ್ನ ಆಗಲೇ ಇವಳದು.
ಆದರೂ ಕೈಸನ್ನೆ: ಇನ್ನೂ ಮೇಲಕ್ಕೆ.

ಏರಿಸಿದೆ. ಬೀಳಿಸಿದಳು.
ಇಟ್ಟೆ. ಬೀಳಿಸಿದಳು.
ಮೂರನೆಯ ಸಲ ಹಿಮ್ಮಡಿ ತಾಗಿ ಪಟ್ಟಿ
ಬೀಳಲೋ ಬೇಡವೋ ಎಂದು ನಡುಗುತ್ತ ನಿಂತು,
ಕಬ್ಬನ್ ಪಾರ್ಕಿನ ಹದ್ದೊಂದು ಮೇಲೆ ಅರ್ಧ ಸುತ್ತು ಹಾಕುವಷ್ಟು ಹೊತ್ತು,
ಬಿತ್ತು.

ಶೂ ಕೈಯಲ್ಲಿ ಹಿಡಿದು ಬಂದು ಹಾಳೆಗೆ ಬಗ್ಗಿದಳು.
"ಮೂರು ತಪ್ಪು ಹಾಕೀರಲ್ರಿ ಸರ. ಗೆದ್ದಿಲ್ಲೇನು?"
"ಗೆದ್ದಿದ್ದೀಯ. ಎಲ್ಲರದೂ ನೋಡು."

ಬಿಸಿಬೇಳೆಬಾತಿನ ಸಾಲು ಆಗಲೇ ಗೇಟಿನ ತನಕ ಬೆಳೆದಿತ್ತು.
ಅವಳು ಹೋಗಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು
ಕೆಳಗಿನಿಂದ ಒಂದೊಂದೇ ಹೆಸರು ಓದತೊಡಗಿದಳು.