ಷರಾ

ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ
ನನ್ನದೊಂದು ಮಡಚುವ ಮೇಜು, ಎರಡು ಪೆನ್ನು,
ಇಪ್ಪತ್ತು ವರ್ಷದಿಂದ ಊರವರ ಅರ್ಜಿ.
ವಿಧವಾ ವೇತನ, ಪೋಡಿ, ಪಹಣಿ ತಿದ್ದುಪಡಿ:
ಯಾರ ಸಂಕಟಕ್ಕೂ ಒಂದು ನಮೂನೆ ಉಂಟು
ನಮ್ಮ ಮಂಡ್ಯದಲ್ಲಿ.

ಈ ಸಲ ಬಂದದ್ದು ನಕ್ಷೆ.
ಬಾಗಿಲಷ್ಟು ಅಗಲ, ಒಳಗೋಡೆಗೆ ಅಂಟಿಸಿದ್ದರು,
ಇನ್ನು ಹದಿನೈದು ವರ್ಷಕ್ಕೆ ಊರು ಹೀಗಂತೆ.
ಹಳದಿಯೆಂದರೆ ಮನೆ, ಹಸಿರು ಬೇಸಾಯ,
ನೇರಳೆ ಬಣ್ಣದ್ದು ಕಾರ್ಖಾನೆ.
ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ,
ಲಿಖಿತವಾಗಿ, ಎರಡು ಪ್ರತಿಗಳಲ್ಲಿ.

ಕೆಂಪಾಜಮ್ಮ ಬಂದಳು.
ಬೆರಳಿಗೆ ಎಂಜಲು ಹಚ್ಚಿ ಗೋಡೆಯ ಮೇಲೆ
ತನ್ನ ಗದ್ದೆ ಹುಡುಕಿದಳು. ನಂಬರು ಗೊತ್ತಿಲ್ಲ.
‘ನಾಲೆ ತೂಬಿಂದ ಮೂರನೇ ಬದು ಕಣವ್ವ,
ಬೇಲದ ಮರ ಇತ್ತಲ್ಲ, ಅದರ ಮಗ್ಗುಲು.’
ನಕ್ಷೆಯಲ್ಲಿ ಬೇಲದ ಮರಕ್ಕೆ ಬಣ್ಣ ಕೊಟ್ಟಿರಲಿಲ್ಲ.

ಆಲೆಮನೆಯ ಬಾಬಾಜಾನ್ ಸಾಬರು ಕೂತು
ಮೊದಲು ಒಂದು ಅಚ್ಚು ಬೆಲ್ಲ ಮೇಜಿನ ಮೇಲಿಟ್ಟರು.
‘ಮನೆಗಳ ನಡುವೆ ಹೊಗೆ ಇರಕೂಡದಂತೆ.
ಹೊಗೆ ನಮ್ಮಪ್ಪನ ಕಾಲದ್ದು, ತಾಯಿ.
ಮನೆ ಇನ್ನೂ ಬಂದೇ ಇಲ್ಲ.’

ಯೋಗೇಶನದು ತಿರುವುಮುರುವು:
‘ನನ್ನ ಹತ್ತು ಗುಂಟೆ ಹಸಿರಿಗೆ ಬಿದ್ದದೆ ಅಕ್ಕ,
ಹೆಂಗಾದ್ರೂ ಹಳದಿ ಮಾಡಿಸು,
ತಂಗಿ ಮದುವೆ ಗೊತ್ತಾಗದೆ.’
ಅದನ್ನೂ ಬರೆದೆ.
ನನ್ನ ಪೆನ್ನಿಗೆ ಪಕ್ಷವಿಲ್ಲ, ಅರ್ಜಿಗೆ ಐವತ್ತು.

ಕ್ರಮ ಸಂಖ್ಯೆ, ಸರ್ವೆ ನಂಬರು, ವಿಸ್ತೀರ್ಣ, ಷರಾ.
ಎರಡು ಬೆರಳಗಲದ ಆ ಕೊನೆಯ ಕಾಲಮಿನಲ್ಲಿ
ಒಂದು ಸುಡುಗಾಡು ತುರುಕಿದ್ದೇನೆ,
ಎಮ್ಮೆಗಳು ನೀರಿಗಿಳಿಯುವ ಓಣಿ,
ಒಬ್ಬಳು ಹೇಳುತ್ತ ಹೇಳುತ್ತ ಅತ್ತದ್ದನ್ನು
‘ಇತ್ಯಾದಿ’ ಎಂದು ಮುಗಿಸಿದ್ದೇನೆ.

ಇಪ್ಪತ್ತೊಂಬತ್ತನೆಯ ದಿನ ನೀರುಗಂಟಿ ಮರಿಜವರಯ್ಯ.
ಸರ್ವೆ ನಂಬರು?
‘ನನ್ ಹೆಸರಲ್ಲಿ ಗೇಣು ನೆಲ ಇಲ್ಲ.’
ವಿಸ್ತೀರ್ಣ?
‘ನೀರು ಎಲ್ಲೀಗಂಟ ಹೋದದೋ ಅಲ್ಲೀಗಂಟ.’
ಮತ್ತೆ ಆಕ್ಷೇಪಣೆ ಏನಯ್ಯ?
‘ಕೆರೆ ಕೋಡಿ ಬಿದ್ದು ಹದಿನೇಳು ವರ್ಷ.
ಅದು ಹರಿಯೋ ಹಳ್ಳಕ್ಕೆ ಹಳದಿ ಬಳಿದವ್ರೆ.
ನೀರ್ಗೇನು ಬಣ್ಣ ಕಾಣ್ತದಾ?’

ಅಹವಾಲು ಸಭೆ ಪುರಭವನದಲ್ಲಿ.
ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು.
ಅಧಿಕಾರಿ ಕೆಟ್ಟವನಲ್ಲ, ಚಿಕ್ಕ ವಯಸ್ಸು,
ನಿದ್ದೆಗೆಟ್ಟ ಕಣ್ಣು, ಒಬ್ಬೊಬ್ಬರಿಗೆ ಎರಡು ನಿಮಿಷ.
ಮರಿಜವರಯ್ಯ ಮಾತಾಡಲಿಲ್ಲ.
ಮೇಜಿನ ಮೇಲಿನ ಬಾಟಲಿ ಎತ್ತಿಕೊಂಡು,
ಮುಚ್ಚಳ ತಿರುಗಿಸಿ,
ನೆಲಕ್ಕೆ ಸುರಿದ.

ನೀರು ಒಂದು ಗಳಿಗೆ ತಡವರಿಸಿತು.
ಯಾರೂ ಉಸಿರೆತ್ತಲಿಲ್ಲ.
ಆಮೇಲೆ ಮೊದಲ ಸಾಲಿನ ಕುರ್ಚಿಗಳನ್ನು ಬಳಸಿ
ಚಪ್ಪಲಿಗಳ ಸಂದಿಯಲ್ಲಿ ನುಸುಳಿ
ನೆಟ್ಟಗೆ ಅಧಿಕಾರಿಯ ಬೂಟಿನ ಕಡೆಗೆ ಹೊರಟಿತು.
ಆತ ಕಾಲೆತ್ತಿದ.

‘ಅಷ್ಟೇ ಸ್ವಾಮಿ,’ ಎಂದ ನೀರುಗಂಟಿ.
‘ನೀವು ಕಾಲೆತ್ಕೊಂಡ್ರಿ. ಸರಿ.
ಮನೆ ಎತ್ತಕ್ಕಾಯ್ತದಾ?’

ನಡಾವಳಿ ಪ್ರತಿ ತೆಗೆಸಿ ಓದಿದೆ. ಹೀಗಿದೆ:
‘ಸಭೆಯಲ್ಲಿ ನೀರು ಚೆಲ್ಲಿದ ಪ್ರಯುಕ್ತ
ಹತ್ತು ನಿಮಿಷ ವಿರಾಮ. ಚಹಾ ವಿತರಿಸಲಾಯಿತು.’

ಯುಗಾದಿ ಕಳೆದ ಮೇಲೆ ಹೊಸ ನಕ್ಷೆ.
ಆಲೆಮನೆ ಇನ್ನೂ ಹಳದಿಯಲ್ಲೇ ಹೊಗೆಯಾಡುತ್ತಿದೆ,
ಯೋಗೇಶನದು ಹಸಿರಲ್ಲೇ.
ಕೆಂಪಾಜಮ್ಮನ ಬೆರಳ ಗುರುತು ಹಳೆಯ ಹಾಳೆಯ ಜೊತೆ ಹೋಯಿತು.
ಕೋಡಿಯ ಕೆಳಗೆ ಮಾತ್ರ ಒಂದು ನೀಲಿ ಗೆರೆ,
ಹೊಲಿಗೆ ಬಿಚ್ಚಿದ ದಾರದಷ್ಟು ತೆಳು,
ಹಳದಿಯೊಳಗೆ ಸ್ವಲ್ಪ ದೂರ ಹೋಗಿ
ಕಾಗದದ ಮಡಿಕೆಯಲ್ಲಿ ನಿಂತುಬಿಟ್ಟಿದೆ.

ಮರಿಜವರಯ್ಯ ಅದರ ಮೇಲೆ ಉಗುರಿಟ್ಟು ನೋಡಿದ.
‘ಇಷ್ಟಗಲದಲ್ಲಿ ಕಪ್ಪೆ ಹೋದದು, ಕೋಡಿ ಹೋಗಲ್ಲ.
ಇನ್ನೊಂದು ಬರಿಯವ್ವ.’

ಹೊಂಗೆಯ ಕೆಳಗೆ ಮೇಜು ಬಿಡಿಸಿದೆ.
ಮೇಲಿಂದ ಒಂದೆರಡು ಹೂ ಹಾಳೆಗೆ ಬಿದ್ದವು, ಊದಿದೆ.
ಸರ್ವೆ ನಂಬರು? ಎಂದೆ, ಬಾಯಿ ಅಭ್ಯಾಸ.
ಆತ ನಕ್ಕ.