ನಮ್ಮ ಪಾಪಗಳು ಘಟ್ಟ ಹತ್ತಿದ ದಿನ

ಬೀಳ್ಕೊಡುಗೆಯ ಶಾಲಿಗೆ ಅಂಗಡಿಯ ಬೆಲೆಚೀಟಿ ಹಾಗೇ ಉಳಿದಿತ್ತು.
ಪಾದ್ರಿ ಅದನ್ನು ಕನ್ನಡಕ ಏರಿಸಿ ಓದಿ
"ಇಷ್ಟು ನಾನು ಬಾಳುವುದಿಲ್ಲ" ಅಂದರು.
ಇಗರ್ಜಿಗೆ ಇಗರ್ಜಿಯೇ ನಕ್ಕಿತು,
ಅಡುಗೆಯ ಪಾಸ್ಕೋಲಬಾಯಿ ಒಬ್ಬಳನ್ನು ಬಿಟ್ಟು.

ನಾಳೆಯಿಂದ ಕಡಲಿಗೆ ಬೀಗ, ಎರಡು ತಿಂಗಳು.
ಅದು ಸರಕಾರದ ಕಾಗದ. ಇದು ಬಿಷಪರ ಕಾಗದ.
ಎರಡೂ ಒಂದೇ ವಾರ ಸದಾಶಿವಗಡಕ್ಕೆ ಬಂದವು.
ದೋಣಿಗಳು ದಂಡೆಯ ಮೇಲೆ ಮಗ್ಗುಲಾಗಿ ಮಲಗಿದವು,
ಪಾದ್ರಿಯ ತಗಡಿನ ಟ್ರಂಕು ಜಗಲಿಯ ಮೇಲೆ ಎದ್ದು ನಿಂತಿತು.

ಏಳು ವರ್ಷದ ಹಿಂದೆ ಹಳಿಯಾಳದ ಕಡೆಯಿಂದ ಬಂದ ಮನುಷ್ಯ,
ಮೊದಲ ವಾರವೇ ಪೇಡಿ ಮೀನಿನ ಮುಳ್ಳು ಗಂಟಲಲ್ಲಿ.
ಪಾಸ್ಕೋಲಬಾಯಿ ಒಣ ಅನ್ನದ ಉಂಡೆ ಕಟ್ಟಿ
"ಅಗಿಯಬೇಡಿ, ನುಂಗಿ" ಎಂದು ಗದರಿದಳು.
ಎರಡನೆಯ ಭಾನುವಾರದ ಪ್ರಸಂಗ:
"ದೋಣಿಯ ಬಲಗಡೆ ಬಲೆ ಬೀಸಿರಿ, ಎಂದನು ಸ್ವಾಮಿ."
ಹಿಂದಿನ ಬೆಂಚಿನಿಂದ ಜುಜೆ ಮುದುಕ ಎದ್ದು
"ಬಲಗಡೆ ಬಂಡೆಯಿದೆ ಪಾದ್ರೆ, ಬಲೆ ಹರಿದೀತು!"
ಆ ದಿನದಿಂದ ಅವರು ನಮ್ಮವರು.

ನನ್ನದೊಂದಿದೆ. ಹೇಳಿಬಿಡುತ್ತೇನೆ.
ಅಪ್ಪನ ದೋಣಿ ತಮ್ಮನ ಪಾಲಿಗೆ ಹೋದ ವರ್ಷ
ನಡುರಾತ್ರಿ ದಂಡೆಗೆ ಹೋಗಿ
ಕೈತಾನನ ಹೊಸ ಬಲೆಗೆ ಚೂರಿ ಹಾಕಿದೆ.
ಅವನು ಇವತ್ತಿಗೂ ಕಡಲಹಂದಿಯನ್ನು ಬೈಯುತ್ತಾನೆ.

ಮೂರು ತಿಂಗಳು ತಡೆದು, ಪಾಪನಿವೇದನೆಯ ಜಾಲರಿಗೆ
ಬಾಯಿ ಹಚ್ಚಿ ಹೇಳಿದೆ. ಆ ಕಡೆ ಬಹಳ ಹೊತ್ತು ಮೌನ.
ಆಮೇಲೆ ಕೇಳಿದರು: "ಎಷ್ಟು ಕಣ್ಣು ಹರಿದಿವೆ?"
ಎಣಿಸಿಲ್ಲ, ಅಂದೆ.
"ಎಣಿಸಿಕೊಂಡು ಬಾ."
ಇನ್ನೂರ ಹನ್ನೆರಡು.
"ಅಷ್ಟನ್ನೂ ಹೊಲಿ. ಜಪಸರ ಬೇಡ."
ಅಂಗಳದಲ್ಲಿ ಕೂತು ಹೊಲಿದೆ, ಒಂದು ಮಳೆಗಾಲವಿಡೀ.
ಅಣ್ಣ ಸಿಟ್ಟು ಬಿಟ್ಟು ಬಂದ ಎಂದುಕೊಂಡು
ಕೈತಾನ ದಿನಾ ಚಹಾ ತಂದಿಟ್ಟ.
ಆ ಚಹಾದ ಬಿಸಿ, ದೇವರಾಣೆ, ಇನ್ನೂ ನಾಲಗೆಯ ಮೇಲಿದೆ.

ಜೋಯಿಡಾ ಬಸ್ಸು ಕಾಳಿ ಸೇತುವೆ ದಾಟಿ ಬಂತು.
ಟ್ರಂಕು, ಮಿಕ್ಸರು, ಪುಸ್ತಕದ ಎರಡು ಗಂಟು,
ಹರಿಕಂತ್ರರ ಮಾಣಕಿ ಕಟ್ಟಿಕೊಟ್ಟ ಒಣ ಸಿಗಡಿ
(ಕಂಡಕ್ಟರ್ ಮೂಗು ಮುಚ್ಚಿಕೊಂಡ; ಅವಳು ಅವನಿಗೂ ಒಂದು ಮುಷ್ಟಿ ಕೊಟ್ಟಳು).
ನಾವೆಲ್ಲ ಸಾಮಾನು ನೋಡುತ್ತಿರಲಿಲ್ಲ.
ಆ ಬೋಳುತಲೆಯನ್ನು ನೋಡುತ್ತಿದ್ದೆವು.
ಅದರೊಳಗೆ ಮೇಸ್ತ್ರಿ ಕದ್ದ ಸಿಮೆಂಟು,
ಸೊಸೆಗೆ ಯಾರೋ ಬಡಿಸಿದ ಹಳಸಿದ ಗಂಜಿ,
ಯಾರದೋ ಹೆಂಡತಿಯನ್ನು ಯಾರೋ ನೋಡಿದ ನೋಟ,
ಏಳು ವರ್ಷದ್ದು, ಒಂದೂ ಸೋರದೆ,
ಹಣಕೋಣ, ಕದ್ರಾ, ಅಣಶಿಯ ತಿರುವುಗಳನ್ನು ಹತ್ತಬೇಕು.
ಟಿಕೆಟು ಒಂದೇ.

ಬಸ್ಸು ಅಲುಗಿತು. ಕಿಟಕಿಯಿಂದ ತಲೆ ಹೊರಹಾಕಿ
ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿ ಕೇಳಿದರು:
"ಬಸ್ತ್ಯಾಂವ್, ಕಣ್ಣು ಗಟ್ಟಿ ಇವೆಯೇನೋ?"
"ಇವೆ ಪಾದ್ರೆ," ಅಂದೆ. ದನಿ ಹೊರಟಿತೋ ಇಲ್ಲವೋ.

"ಯಾವ ಕಣ್ಣು?" ಪಕ್ಕದಲ್ಲಿ ಕೈತಾನ.
ಹೇಳಬಹುದಿತ್ತು. ಅದೇ ಹೊತ್ತು, ಅದೇ ಜಾಗ,
ಧೂಳು ಕೂಡ ಇನ್ನೂ ಕೂತಿರಲಿಲ್ಲ.
"ಪೊರೆ ಬಂದಿದೆ ಅಂದಿದ್ದೆ ಅವರಿಗೆ," ಅಂದೆ.

ಹೊಸ ಪಾದ್ರಿ ಬರುವುದು ಶನಿವಾರ.
ಅಲ್ಲಿಯವರೆಗೆ ಈ ಸುಳ್ಳು ನನ್ನ ಹತ್ತಿರವೇ ಇರಲಿ.
ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು.
ಕೈತಾನ ಬೀಡಿ ಎಸೆದ,
ನನ್ನ ಮೊಣಕೈ ಗಟ್ಟಿಯಾಗಿ ಹಿಡಿದ,
"ಮೊದಲೇ ಹೇಳಬಾರದಿತ್ತೇನೋ," ಎನ್ನುತ್ತ
ನಿಧಾನಕ್ಕೆ, ಕುರುಡನನ್ನು ದಾಟಿಸಿದ ಹಾಗೆ,
ರಸ್ತೆ ದಾಟಿಸಿದ.